ಮುರಿದ ಮೂಳೆ ಮತ್ತು ಕಾಯುವ ಕೈಗಳು

ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಬಂದಾಗ ನಮ್ಮನ್ನು ಗಲಿಬಿಲಿಗೊಳಿಸಿದ ಪದಗಳಲ್ಲಿ ‘ಬೀಜಗಣಿತ’ವೂ ಒಂದು. ನಮಗೆ ಅದು ‘ಅಲ್‌ಜಬ್ರಾ’ ಆಗಿತ್ತು. ಉರ್ದುವಿನಲ್ಲಿ ‘ಜಬ್ರ್’ ಎಂದರೆ ಬಲವಂತ, ದಬ್ಬಾಳಿಕೆ. ಲೆಕ್ಕಕ್ಕೆ ಈ ಹೆಸರು ಯಾಕೆ ಎಂದು ಕೇಳಿದರೆ, ಲೆಕ್ಕ ಬಾರದ ಹುಡುಗರ ಮೇಲೆ ನಡೆಯುವ ಜಬ್ರ್ ಇದು ಎಂದು ನಮ್ಮ ಮಾಸ್ತರರು ನಗುತ್ತಿದ್ದರು. ಅರಬಿಯಲ್ಲಿ ಆ ಪದದ ಹಳೆಯ ಅರ್ಥಗಳಲ್ಲೊಂದು ಮುರಿದ ಮೂಳೆಯನ್ನು ಕೂಡಿಸುವುದು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಸುಮಾರು ಕ್ರಿ.ಶ. 820ರಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ, ಸಮೀಕರಣದಲ್ಲಿ ಕಳೆದುಹೋದ ಭಾಗವನ್ನು ಮರಳಿ ತುಂಬುವ ಕ್ರಮಕ್ಕೆ ಈ ಹೆಸರನ್ನು ಕೊಟ್ಟ. ಸ್ಪೇನಿಗೆ ಹೋದ ಪದ ಅಲ್ಲಿ ಎರಡೂ ಅರ್ಥಗಳನ್ನು ಉಳಿಸಿಕೊಂಡಿತು. 1615ರಲ್ಲಿ ಪ್ರಕಟವಾದ ‘ಡಾನ್ ಕ್ವಿಕ್ಸೋಟ್’ನ ಎರಡನೆಯ ಭಾಗದಲ್ಲಿ ಕುದುರೆಯಿಂದ ಬಿದ್ದವನಿಗೆ ಚಿಕಿತ್ಸೆ ಮಾಡುವವನು ಒಬ್ಬ ‘ಆಲ್‌ಹೆಬ್ರಿಸ್ತಾ’. ಅವನು ಗಣಿತಜ್ಞನಲ್ಲ, ಮೂಳೆ ಕಟ್ಟುವವನು. ನಮ್ಮ ಊರುಗಳಲ್ಲಿ ಬೀದಿಗೊಬ್ಬರಂತೆ ಸಿಗುವ ಅಬ್ದುಲ್ ಜಬ್ಬಾರರ ಹೆಸರಿನಲ್ಲಿರುವ ‘ಅಲ್ ಜಬ್ಬಾರ್’ ಎಂಬ ದೇವನಾಮಕ್ಕೂ, ಪರಾಕ್ರಮಿ ಎಂಬುದರ ಜೊತೆಗೆ ಮುರಿದದ್ದನ್ನು ಕೂಡಿಸುವವನು ಎಂಬ ಅರ್ಥವನ್ನು ವಿದ್ವಾಂಸರು ಹೇಳುತ್ತಾರೆ.

ಆದರೆ ಮೂಳೆ ಕೂಡಿಸುವ ಕೆಲಸ ಕೆಲವು ನಿಮಿಷಗಳದ್ದು. ಅದು ತಾನಾಗಿ ಕೂಡಿಕೊಳ್ಳಲು ವಾರಗಳು ಬೇಕು, ತೊಡೆಮೂಳೆಯಾದರೆ ತಿಂಗಳುಗಳೇ ಬೇಕು. ಇತಿಹಾಸದ ಪುಸ್ತಕಗಳು ಆ ನಿಮಿಷಗಳ ಬಗ್ಗೆ, ಅಂದರೆ ವೈದ್ಯರ ಬಗ್ಗೆ ಮತ್ತು ಅವರ ಸಲಕರಣೆಗಳ ಬಗ್ಗೆ ಸಾಕಷ್ಟು ಹೇಳುತ್ತವೆ. ಆ ತಿಂಗಳುಗಳಲ್ಲಿ ರೋಗಿಯ ಪಕ್ಕದಲ್ಲಿ ಯಾರಿದ್ದರು, ಅವರು ಏನು ನೋಡಿದರು, ಏನು ಮಾಡಿದರು ಎಂಬುದರ ಬಗ್ಗೆ ಹೇಳುವುದು ಕಡಿಮೆ. ಈ ಲೇಖನದಲ್ಲಿ ನಾವು ಹುಡುಕಲು ಹೊರಟಿರುವುದು ಅವರನ್ನು.

ದಬ್ಬೆಯ ಕಾಲ

ಈಜಿಪ್ಟಿನ ನಾಗ ಎದ್ ದೇರ್ ಎಂಬಲ್ಲಿನ ಗೋರಿಗಳಲ್ಲಿ ಸಿಕ್ಕ ದಬ್ಬೆಗಳ ಬಗ್ಗೆ 1908ರಲ್ಲಿ ಅಂಗರಚನಾ ತಜ್ಞ ಎಲಿಯಟ್ ಸ್ಮಿತ್ ಬರೆದರು. ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯವು. ಅವುಗಳಲ್ಲೊಂದು ಹದಿಹರೆಯದ ಹುಡುಗಿಯೊಬ್ಬಳ ತೊಡೆಗೆ ಕಟ್ಟಿದ್ದು. ಮರದ ದಬ್ಬೆಗೆ ನಾರುಬಟ್ಟೆ ಸುತ್ತಿ ಗಂಟು ಹಾಕಿದ್ದರು. ಕಟ್ಟೇನೋ ಇತ್ತು, ಮೂಳೆ ಮಾತ್ರ ಕೂಡಿರಲಿಲ್ಲ. ಅಷ್ಟರೊಳಗೆ ಹುಡುಗಿ ತೀರಿಹೋಗಿದ್ದಳು. ಕಟ್ಟೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ ಮೂಳೆ ಮುರಿತದ ಗ್ರಂಥದಲ್ಲಿ ಒಂದು ಮುಖ್ಯ ಸೂಚನೆಯಿದೆ. ಪಟ್ಟಿ ಸುತ್ತಿದ ಮೇಲೆ ಬಿಗಿಯಾಗಿದೆಯೇ ಎಂದು ರೋಗಿಯನ್ನೇ ಕೇಳಬೇಕು. ಮರುದಿನ ಅವನ ಕೈಯ ಊತವನ್ನು ನೋಡಬೇಕು, ಮೂರನೆಯ ದಿನಕ್ಕೆ ಪಟ್ಟಿ ಬಿಚ್ಚಿ ಮತ್ತೆ ಕಟ್ಟಬೇಕು. ನಮ್ಮ ಸುಶ್ರುತ ಸಂಹಿತೆಯಲ್ಲಿ ಮುರಿದ ಮೂಳೆಗಳಿಗೇ ಒಂದು ಅಧ್ಯಾಯವಿದೆ. ಮರದ ತೊಗಟೆ ಮತ್ತು ಬಿದಿರಿನ ದಬ್ಬೆಗಳ ಜೊತೆಗೆ ಅಲ್ಲಿ ‘ಕಪಾಟಶಯನ’ದ ವಿವರ ಬರುತ್ತದೆ. ಕಾಲು ಅಥವಾ ತೊಡೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಐದು ಗೂಟಗಳಿಗೆ ಕಟ್ಟಿ ಕಾಲು ಅಲುಗದಂತೆ ಮಾಡುವ ಕ್ರಮವದು. ಹಾಗೆ ಕಟ್ಟಿಹಾಕಿದವನಿಗೆ ನೀರು ಕೊಡುವವರು, ಮಲಮೂತ್ರ ತೆಗೆಯುವವರು ಬೇಕಲ್ಲವೇ? ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಕಾಲುಗಳನ್ನು ಹೇಳುತ್ತದೆ: ವೈದ್ಯ, ಔಷಧಿ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ, ಚುರುಕುತನ, ರೋಗಿಯ ಮೇಲೆ ಪ್ರೀತಿ ಮತ್ತು ಶುಚಿತ್ವ. ಪ್ರೀತಿಯನ್ನು ಅರ್ಹತೆಯ ಪಟ್ಟಿಗೆ ಸೇರಿಸಿದ್ದನ್ನು ನಾವು ಗಮನಿಸಬೇಕು.

ಅರಬಿ ವೈದ್ಯ ಪರಂಪರೆ ಗ್ರೀಕರಿಂದಲೂ ಭಾರತದಿಂದಲೂ ಕಲಿತು ಬೆಳೆಯಿತು. ಕಾರ್ಡೋಬಾ ಸಮೀಪದ ಅಲ್ ಝಹ್ರಾವಿ ಸುಮಾರು ಕ್ರಿ.ಶ. 1000ದಲ್ಲಿ ಬರೆದ ‘ಅತ್ತಸ್ರೀಫ್’ನಲ್ಲಿ 30 ಪ್ರಕರಣಗಳಿವೆ. ಕೊನೆಯದು ಶಸ್ತ್ರಚಿಕಿತ್ಸೆಗೆ ಮೀಸಲು, ಅದರ ಮೂರನೆಯ ಭಾಗ ಪೂರ್ತಿ ಮೂಳೆಗಳಿಗೆ. ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಳ್ಳುವ ನುಣುಪು ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಲೇಪಿಸುವ ಕ್ರಮವನ್ನು ಆತ ಹೇಳುತ್ತಾನೆ. ಮೊಟ್ಟೆಯ ಬಿಳಿಯ ಈ ಬಳಕೆ ನಮ್ಮ ನಾಟಿ ವೈದ್ಯರಲ್ಲಿ ಈಗಲೂ ಇದೆ. ಇಬ್ನ್ ಸೀನಾ ಇನ್ನೂ ಎಚ್ಚರಿಕೆಯವನು. ಊತ ಇಳಿಯುವ ಮೊದಲೇ ದಬ್ಬೆ ಬಿಗಿಯಬಾರದು, ಐದು ದಿನವಾದರೂ ಕಾಯುವುದು ಲೇಸು ಎಂಬುದು ಅವನ ಸಲಹೆ. 1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯಲ್ಲಿ ಕಾಯಿಲೆಗೆ ತಕ್ಕಂತೆ ವಿಭಾಗಗಳಿದ್ದವು. ರೋಗಿಗಳನ್ನು ನೋಡಿಕೊಳ್ಳಲು ಗಂಡಸರೂ ಹೆಂಗಸರೂ ನೇಮಕವಾಗಿದ್ದರು, ಖರ್ಚು ವಕ್ಫ್ ಆಸ್ತಿಯಿಂದ ನಡೆಯುತ್ತಿತ್ತು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ.

ಮೂಳೆ ಕಟ್ಟಿಸಿಕೊಂಡವನ ದಿನಚರಿಯ ಬಗ್ಗೆ ಯೋಚಿಸಿದವರಲ್ಲಿ ಫಿಖ್ಹ್ ಪಂಡಿತರೂ ಇದ್ದಾರೆ. ಅರಬಿಯಲ್ಲಿ ದಬ್ಬೆಗೆ ‘ಜಬೀರಾ’ ಎನ್ನುತ್ತಾರೆ. ಜಬೀರಾ ಕಟ್ಟಿಕೊಂಡವನು ವುಝೂ ಮಾಡುವಾಗ ಅದನ್ನು ಬಿಚ್ಚಬೇಕಾಗಿಲ್ಲ. ಉಳಿದ ಭಾಗವನ್ನು ತೊಳೆದು, ಕಟ್ಟಿನ ಮೇಲೆ ಒದ್ದೆ ಕೈ ಸವರಿದರೆ ಸಾಕು. ಮೂಳೆ ಕೂಡುವವರೆಗೆ ಇದಕ್ಕೆ ದಿನದ ಮಿತಿಯಿಲ್ಲ. ಕೂರಲಾಗದವನು ಮಲಗಿಯೇ ನಮಾಝ್ ಮಾಡಬಹುದು. ಕಟ್ಟು ಒದ್ದೆಯಾಗಬಾರದು, ಕಾಲು ಅಲುಗಬಾರದು ಎಂದು ಇಂದಿನ ನರ್ಸ್ ಹೇಳುವ ಮಾತಿಗೂ ಈ ವಿನಾಯಿತಿಗೂ ಜಗಳವಿಲ್ಲ.

ಬಸ್ರಾದಿಂದ ಕ್ರಿಮಿಯಾಕ್ಕೆ

ಜಿಪ್ಸಮ್ ಕಲ್ಲನ್ನು ಕಾಯಿಸಿದರೆ ಅದರೊಳಗಿನ ನೀರಿನಂಶ ಹೊರಟು ಪುಡಿಯಾಗುತ್ತದೆ. ಮತ್ತೆ ನೀರು ಬೆರೆಸಿದರೆ ಬಿಸಿಯಾಗುತ್ತಾ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸಿನ ಗುಟ್ಟು ಇಷ್ಟೇ. ಹತ್ತನೆಯ ಶತಮಾನದಲ್ಲೇ ಪರ್ಷಿಯಾದ ಅಬೂ ಮನ್ಸೂರ್ ಮುವಫ್ಫಕ್ ಮುರಿದ ಮೂಳೆಗೆ ಇದನ್ನು ಬಳಸುವುದನ್ನು ಬರೆದಿದ್ದ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಸ್ರಾದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ವಿಲಿಯಂ ಈಟನ್, ಅಲ್ಲಿನವರು ಮುರಿದ ಕಾಲಿನ ಸುತ್ತ ಜಿಪ್ಸಮ್ ಸುರಿದು ಅಚ್ಚಿನಂತೆ ಗಟ್ಟಿಯಾಗಿಸುವುದನ್ನು ಕಂಡು ಯೂರೋಪಿಗೆ ತಿಳಿಸಿದ. ಕಾಲಿನ ಸುತ್ತ ಬಂಡೆ ಕಟ್ಟಿದಂತಿದ್ದ ಈ ಕ್ರಮ ಅಷ್ಟೇನೂ ಅನುಕೂಲವಾಗಿರಲಿಲ್ಲ. ಹಾಲೆಂಡಿನ ಸೇನಾ ವೈದ್ಯ ಆಂಟೋನಿಯಸ್ ಮತೈಸೆನ್ 1851ರ ಹೊತ್ತಿಗೆ ಇದಕ್ಕೊಂದು ಸರಳ ದಾರಿ ಕಂಡುಕೊಂಡ. ಒಣ ಪುಡಿಯನ್ನು ಬಟ್ಟೆಯ ಪಟ್ಟಿಗೆ ತಿಕ್ಕಿಟ್ಟುಕೊಂಡು, ಬೇಕಾದಾಗ ನೀರಿನಲ್ಲಿ ನೆನೆಸಿ ಸುತ್ತುವುದು. 1852ರಲ್ಲಿ ಅದನ್ನು ಪ್ರಕಟಿಸಿದ.

ಎರಡೇ ವರ್ಷಗಳಲ್ಲಿ ಕ್ರಿಮಿಯಾ ಯುದ್ಧ ಜೋರಾಯಿತು. 1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ಇಸ್ತಾಂಬುಲ್‌ನ ಉಸ್ಕುದಾರಿನ ಸೇನಾ ಬ್ಯಾರಕ್ಕಿಗೆ ಬಂದಿಳಿದ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅದೇ ಚಳಿಗಾಲದಲ್ಲಿ ಎದುರು ಪಾಳಯದಲ್ಲಿ ನಡೆದ ಕಥೆ ಅಷ್ಟು ಪ್ರಸಿದ್ಧವಲ್ಲ. ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೊವ್ ಸೆವಾಸ್ತೊಪೋಲಿನಲ್ಲಿ, ಕತ್ತರಿಸಿ ಎಸೆಯಬೇಕಾಗಿದ್ದ ಎಷ್ಟೋ ಕೈಕಾಲುಗಳನ್ನು ಪ್ಲಾಸ್ಟರ್ ಸುತ್ತಿ ಉಳಿಸಿದ. ರಾಜಮನೆತನದ ಎಲೆನಾ ಪಾವ್ಲೊವ್ನಾ ಕಟ್ಟಿದ ಸೋದರಿಯರ ಸಂಘವೊಂದು ಅವನ ಬೆನ್ನಿಗಿತ್ತು. ಪಿರೊಗೊವ್ ಆ ಸೋದರಿಯರಿಗೆ ಕೆಲಸ ಹಂಚಿದ. ಕೆಲವರು ಗಾಯಕ್ಕೆ ಪಟ್ಟಿ ಕಟ್ಟುವವರು, ಕೆಲವರು ಔಷಧಿ ನೋಡುವವರು, ಕೆಲವರು ಊಟ, ಬಟ್ಟೆ, ಹಾಸಿಗೆಯ ಹೊಣೆಯವರು. ಪ್ಲಾಸ್ಟರ್ ಮತ್ತು ಆಧುನಿಕ ಶುಶ್ರೂಷೆ ಹೀಗೆ ಒಂದೇ ಯುದ್ಧದ ಕೆಸರಿನಲ್ಲಿ ಜೊತೆಯಾಗಿ ಬೆಳೆದವು.

ಎಳೆದು ಕಟ್ಟುವ ವಿದ್ಯೆ

ತೊಡೆಮೂಳೆಯ ವಿಷಯ ಬೇರೆ. ದೇಹದ ಅತಿ ಬಲವಾದ ಸ್ನಾಯುಗಳು ಅದರ ಸುತ್ತ ಇವೆ. ಮೂಳೆ ಮುರಿದ ಕೂಡಲೇ ಅವು ಸೆಳೆದುಕೊಂಡು, ಮುರಿದ ತುದಿಗಳು ಒಂದರ ಮೇಲೊಂದು ಏರುತ್ತವೆ. ಕಾಲು ಗಿಡ್ಡವಾಗುತ್ತದೆ. ಅದನ್ನು ಸತತವಾಗಿ ಎಳೆದು ಹಿಡಿಯಬೇಕು, ಅದೇ ಟ್ರ್ಯಾಕ್ಷನ್. ಅಮೆರಿಕದ ಗರ್ಡನ್ ಬಕ್ 1861ರಲ್ಲಿ, ಕಾಲಿನ ಚರ್ಮಕ್ಕೆ ಪಟ್ಟಿ ಅಂಟಿಸಿ ಹಗ್ಗ, ರಾಟೆ ಮತ್ತು ತೂಕದಿಂದ ಎಳೆಯುವ ಕ್ರಮವನ್ನು ಜನಪ್ರಿಯಗೊಳಿಸಿದರು. ಚರ್ಮ ತಡೆಯುವುದು ಸುಮಾರು 5 ಕಿಲೋ ಮಾತ್ರ. ಅದಕ್ಕಿಂತ ಹೆಚ್ಚು ತೂಕ ಬೇಕಾದಾಗ ಮೂಳೆಗೇ ಸರಳು ತೂರಿಸುವ ಉಪಾಯ 1907ರಲ್ಲಿ ಸ್ವಿಟ್ಜರ್ಲೆಂಡಿನ ಸ್ಟೈನ್‌ಮಾನ್ ಅವರಿಂದ ಬಂತು.

ಇವರ ನಡುವೆ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ನಮಗೆ ಹೆಚ್ಚು ಹತ್ತಿರದವರಂತೆ ಕಾಣುತ್ತಾರೆ. ಅವರು ತಲೆತಲಾಂತರದಿಂದ ಮೂಳೆ ಕಟ್ಟುತ್ತಿದ್ದ ನಾಟಿ ವೈದ್ಯರ ಮನೆತನದವರು. ಓದಿ ಡಾಕ್ಟರಾದರು, ಭಾನುವಾರಗಳಂದು ಬಡವರಿಗೆ ಉಚಿತವಾಗಿ ಚಿಕಿತ್ಸೆ ಕೊಟ್ಟರು. 1875ರಲ್ಲಿ ಅವರು ವಿವರಿಸಿದ ಕಬ್ಬಿಣದ ಚೌಕಟ್ಟು ‘ಥಾಮಸ್ ಸ್ಪ್ಲಿಂಟ್’ ಎಂದು ಹೆಸರಾಯಿತು. ಬದುಕಿರುವಾಗ ಅವರಿಗೆ ದೊಡ್ಡ ಮನ್ನಣೆ ಸಿಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅವರ ಶಿಷ್ಯರೂ ಬಂಧುವೂ ಆದ ರಾಬರ್ಟ್ ಜೋನ್ಸ್ ಈ ಚೌಕಟ್ಟನ್ನು ರಣರಂಗಕ್ಕೆ ತಂದರು. ಯುದ್ಧದ ಆರಂಭದಲ್ಲಿ ತೊಡೆಮೂಳೆ ಮುರಿದ ಸೈನಿಕರಲ್ಲಿ ನೂರಕ್ಕೆ 80 ಮಂದಿ ಸಾಯುತ್ತಿದ್ದರು, ಕೊನೆಯ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿಯಿತು ಎಂಬ ಲೆಕ್ಕ ಬಹಳ ಕಡೆ ಸಿಗುತ್ತದೆ. ಅಂಕಿ ಸ್ವಲ್ಪ ಹಿಂದೆ ಮುಂದೆ ಇರಬಹುದು. ಚೌಕಟ್ಟು ಅಸಂಖ್ಯ ಜೀವ ಉಳಿಸಿತೆಂಬುದರಲ್ಲಿ ಅನುಮಾನವಿಲ್ಲ.

ಜೋನ್ಸ್ ಅವರ ಹೆಸರಿನ ಪಕ್ಕದಲ್ಲಿ ಬರೆಯಬೇಕಾದ ಇನ್ನೊಂದು ಹೆಸರು ಆಗ್ನೆಸ್ ಹಂಟ್. 1866ರಲ್ಲಿ ಹುಟ್ಟಿದ ಆಕೆಗೆ ಬಾಲ್ಯದಲ್ಲೇ ಹಿಮ್ಮಡಿಯ ಒಂದು ಬೊಬ್ಬೆಯಿಂದ ನಂಜೇರಿ ಮೂಳೆಗೆ ತಗುಲಿತು. ಜೀವನಪೂರ್ತಿ ಕುಂಟುತ್ತಾ ಊರುಗೋಲಿನಲ್ಲಿ ನಡೆದರು. ಆದರೂ ನರ್ಸ್ ತರಬೇತಿ ಪಡೆದರು. 1900ರಲ್ಲಿ ಇಂಗ್ಲೆಂಡಿನ ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳಿಗಾಗಿ ಮನೆಯೊಂದನ್ನು ತೆರೆದರು. ಹಾಸಿಗೆಗಳು ಗಾಳಿ ಬಿಸಿಲು ಬರುವ, ಒಂದು ಬದಿ ತೆರೆದ ಶೆಡ್ಡುಗಳಲ್ಲಿದ್ದವು. ಮೊದಲು ಆಕೆಯೇ ರಾಬರ್ಟ್ ಜೋನ್ಸರ ರೋಗಿ. ಆಮೇಲೆ ಜೋನ್ಸ್ ಆ ಹಳ್ಳಿಗೆ ಬಂದು ಮಕ್ಕಳನ್ನು ನೋಡತೊಡಗಿದರು. 1921ರಲ್ಲಿ ಆಸ್ಪತ್ರೆ ಆಸ್‌ವೆಸ್ಟ್ರಿಗೆ ಸ್ಥಳಾಂತರವಾಗಿ ಬೆಳೆಯಿತು. ಅದು ಇಂದಿಗೂ ಜೋನ್ಸ್ ಮತ್ತು ಹಂಟ್ ಇಬ್ಬರ ಹೆಸರಿನಲ್ಲಿದೆ. ಮೂಳೆ ರೋಗಿಗಳ ಶುಶ್ರೂಷೆಯನ್ನು ಒಂದು ವಿದ್ಯೆಯಾಗಿ ರೂಪಿಸಿದ ಆ ಹೆಣ್ಣುಮಗಳಿಗೆ ಹಾಸಿಗೆಯಲ್ಲಿ ಅಲುಗದೆ ಮಲಗುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹನ್ನೆರಡು ವಾರ

ಆ ವಿದ್ಯೆ ಏನೆಂಬುದನ್ನು ನಾವು ಕಂಡದ್ದು 1990ರ ಸುಮಾರಿಗೆ, ತೆಂಗಿನ ಮರದಿಂದ ಬಿದ್ದು ತೊಡೆ ಮುರಿದುಕೊಂಡ ನಮ್ಮ ಮಾಮು ಹನ್ನೆರಡು ವಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಮೊಣಕಾಲಿನ ಕೆಳಗೆ ಮೂಳೆಯಲ್ಲಿ ಒಂದು ಸರಳು, ಅದಕ್ಕೆ ಹಗ್ಗ, ಮಂಚದ ತುದಿಯಲ್ಲಿ ರಾಟೆ, ಹಗ್ಗದ ಕೊನೆಗೆ ತೂಗಿ ಬಿಟ್ಟ ಇಟ್ಟಿಗೆಗಳು. ಮಂಚದ ಕಾಲ ಕಡೆಯನ್ನು ಮರದ ತುಂಡಿನ ಮೇಲೆ ಎತ್ತರಿಸಿದ್ದರು. ಅದು ಯಾಕೆಂದು ಅರ್ಥವಾಗದೆ ಕೇಳಿದಾಗ, ಕೇರಳದ ಸಿಸ್ಟರ್ ಒಬ್ಬರು ಅರೆಬರೆ ಕನ್ನಡದಲ್ಲಿ ವಿವರಿಸಿದ್ದರು. ಇಟ್ಟಿಗೆ ಕಾಲನ್ನು ಅತ್ತ ಎಳೆಯುತ್ತದೆ, ನಿನ್ನ ಮಾಮುವಿನ ಮೈಭಾರ ಇತ್ತ ಎಳೆಯುತ್ತದೆ, ಇಬ್ಬರೂ ಸಮ ಇದ್ದರೆ ಮೂಳೆ ನೇರ.

ಆ ಸಿಸ್ಟರ್ ವಾರ್ಡಿಗೆ ಬಂದ ಕೂಡಲೇ ಮೊದಲು ನೋಡುತ್ತಿದ್ದುದು ಇಟ್ಟಿಗೆಗಳನ್ನು. ಅವು ನೆಲಕ್ಕಾಗಲಿ ಮಂಚಕ್ಕಾಗಲಿ ತಾಗಬಾರದು. ಹಗ್ಗ ರಾಟೆಯ ಮೇಲೇ ಇರಬೇಕು, ಗಂಟು ರಾಟೆಗೆ ಸಿಕ್ಕಿಕೊಳ್ಳಬಾರದು. ಒಮ್ಮೆ ನಮ್ಮ ನಾನಿ, ಮಗ ನರಳುವುದನ್ನು ನೋಡಲಾರದೆ, ಇಟ್ಟಿಗೆಗಳನ್ನು ಎತ್ತಿ ಸ್ಟೂಲಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಖ ಕೊಡಲು ನೋಡಿದ್ದರು. ಸಿಸ್ಟರ್ ಓಡಿ ಬಂದರು. “ಅಮ್ಮಾ, ನೀವು ಪ್ರೀತಿಯಿಂದ ಮಾಡಿದಿರಿ, ಆದರೆ ಕೂಡುತ್ತಿದ್ದ ಮೂಳೆ ಇಷ್ಟರಲ್ಲೇ ಜಾರುತ್ತದೆ” ಎಂದರು. ಬೈಯಲಿಲ್ಲ. ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಇರಬೇಕೆಂಬ ಚರಕನ ಮಾತು ನಮಗೆ ಅರ್ಥವಾದದ್ದು ಅಲ್ಲಿ.

ನಂತರ ಆಕೆ ಸರಳು ಹೊಕ್ಕ ಜಾಗದಲ್ಲಿ ಕೀವು, ಕೆಂಪು ಇದೆಯೇ ಎಂದು ನೋಡಿ ಶುಚಿ ಮಾಡುತ್ತಿದ್ದರು. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಇಡುತ್ತಿದ್ದರು. ಪಾದ ಜೋಲು ಬೀಳದಂತೆ ಅಂಗಾಲಿಗೆ ಆಧಾರ ಕೊಡುತ್ತಿದ್ದರು, ಯಾಕೆಂದರೆ ಜೋತುಬಿದ್ದ ಪಾದ ಹಾಗೇ ಉಳಿದರೆ ಮೂಳೆ ಕೂಡಿದ ಮೇಲೂ ನಡೆಯಲಾಗದು. ತಲೆಯ ಮೇಲೆ ತೂಗುಬಿಟ್ಟ ಹಿಡಿಯನ್ನು ಹಿಡಿದು ಮಾಮು ಸೊಂಟ ಎತ್ತಿದಾಗ ಬೆನ್ನ ಕೆಳಗೆ ಕೈಯಾಡಿಸಿ, ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಿದ್ದರು. ಹಾಸಿಗೆ ಹುಣ್ಣು ಶುರುವಾಗುವುದು ಹಾಗೆ. ಬೆಡ್‌ಪ್ಯಾನಿಗೆ ನಾಚಿ ಊಟ ಮತ್ತು ನೀರನ್ನು ಕಡಿಮೆ ಮಾಡಿದ್ದ ಮಾಮುವಿಗೆ, ನೀರು ಕುಡಿಯದಿದ್ದರೆ ಮಲಬದ್ಧತೆಯಾಗುತ್ತದೆ, ಮೂತ್ರದಲ್ಲಿ ಕಲ್ಲಾಗುತ್ತದೆ ಎಂದು ಹೇಳಿ, ಪರದೆ ಎಳೆದು ಆಚೆ ನಿಲ್ಲುತ್ತಿದ್ದರು. ದೀರ್ಘ ಉಸಿರು ತೆಗೆಸಿ ಕೆಮ್ಮಿಸುತ್ತಿದ್ದರು, ಮಲಗಿದವರ ಎದೆಯಲ್ಲಿ ಕಫ ಕಟ್ಟದಿರಲೆಂದು. ಮುರಿಯದ ಕಾಲಿನ ಬೆರಳು, ಪಾದ ಆಡಿಸುವಂತೆ ಹೇಳುತ್ತಿದ್ದರು, ರಕ್ತ ಹೆಪ್ಪುಗಟ್ಟದಿರಲೆಂದು.

ಪಕ್ಕದ ಮಂಚಗಳಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡವರಿದ್ದರು. ಹಸಿ ಪ್ಲಾಸ್ಟರನ್ನು ಬೆರಳ ತುದಿಯಿಂದ ಹಿಡಿಯಬಾರದು, ಅಂಗೈಯಲ್ಲಿ ಎತ್ತಬೇಕು. ಬೆರಳು ಒತ್ತಿದ ಕುಳಿ ಒಣಗಿ ಗಟ್ಟಿಯಾದರೆ ಒಳಗೆ ಚರ್ಮಕ್ಕೆ ಒತ್ತಿ ಹುಣ್ಣಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದರೂ ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಮುಚ್ಚಿಡಬಾರದು, ಗಾಳಿಗೆ ಬಿಡಬೇಕು. ಒಳಗೆ ತುರಿಸಿದರೆ ಕಡ್ಡಿ, ಬಳೆಚೂರು, ಸ್ಕೇಲು ಹಾಕಬಾರದು. ಒಂದೇ ಕಡೆ ಬಿಸಿ, ಕೆಟ್ಟ ವಾಸನೆ, ಹೊರಗೆ ಮೂಡಿದ ಕಲೆ, ಇವೆಲ್ಲ ಒಳಗಿನ ಹುಣ್ಣಿನ ಸುದ್ದಿಗಳು.

ನೋವನ್ನು ನಂಬುವುದು

ಇವೆಲ್ಲಕ್ಕಿಂತ ದೊಡ್ಡ ಪಾಠ ಒಂದಿದೆ. 1881ರಲ್ಲಿ ಜರ್ಮನಿಯ ಫೋಲ್ಕ್‌ಮಾನ್, ಬಿಗಿಯಾದ ಕಟ್ಟಿನ ನಂತರ ಕೆಲವರ ಕೈ ಹಕ್ಕಿಯ ಉಗುರಿನಂತೆ ಮುದುಡಿಹೋಗುವುದನ್ನು ವಿವರಿಸಿ, ರಕ್ತ ಸಿಗದೆ ಸ್ನಾಯು ಸಾಯುವುದೇ ಅದಕ್ಕೆ ಕಾರಣ ಎಂದ. ಮುರಿದ ಜಾಗ ಊದುತ್ತದೆ. ಹೊರಗಿನ ಕಟ್ಟು ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚುತ್ತವೆ. ಸುಮಾರು ಆರು ಗಂಟೆ ಕಳೆದರೆ ಸ್ನಾಯು ಮರಳಿ ಬಾರದಷ್ಟು ಹಾಳಾಗಬಹುದು. ಬೆರಳು ಬಿಳಿಚುವುದು, ತಣ್ಣಗಾಗುವುದು, ಜೋಮು ಹಿಡಿಯುವುದು, ಅಲುಗದಿರುವುದು ಇದರ ಲಕ್ಷಣಗಳು. ಆದರೆ ಎಲ್ಲಕ್ಕಿಂತ ಮೊದಲು ಬರುವುದು ನೋವು. ಮಾತ್ರೆಗೂ ಇಳಿಯದ, ಬೆರಳನ್ನು ಮೆಲ್ಲಗೆ ನೇರ ಮಾಡಿದರೂ ಚೀರುವಷ್ಟು ನೋವು. ಆಗ ನಾಡಿ ಇನ್ನೂ ಸಿಗುತ್ತಿರಬಹುದು, ಅದನ್ನು ನೋಡಿ ಸಮಾಧಾನಪಡುವಂತಿಲ್ಲ. ಕಟ್ಟನ್ನು ಒಳಗಿನ ಹತ್ತಿಯ ಸಮೇತ ಚರ್ಮ ಕಾಣುವವರೆಗೆ ಉದ್ದಕ್ಕೆ ಸೀಳಿಸಬೇಕು, ಅಷ್ಟಕ್ಕೂ ಇಳಿಯದಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ ಆಗಬೇಕು.

ನಮ್ಮ ಬೀದಿಯಲ್ಲಿ ಹುಣಸೆ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡ ಒಬ್ಬ ಹುಡುಗನಿದ್ದ. ಮನೆಯವರು ಮೂಳೆ ಕಟ್ಟುವವರಲ್ಲಿಗೆ ಕರೆದೊಯ್ದು ಬಿದಿರು ದಬ್ಬೆ ಹಾಕಿಸಿದರು. ರಾತ್ರಿಯೆಲ್ಲ ಅತ್ತ. ಮೂಳೆ ಮುರಿದರೆ ನೋಯದೆ ಇರುತ್ತದಾ, ಗಂಡು ಹುಡುಗ ಅಳಬಾರದು ಎಂದು ಹಿರಿಯರು ಗದರಿದರು. ಮರುದಿನ ಅಳು ನಿಂತಿತು. ನೋವು ಕಡಿಮೆಯಾಯಿತೆಂದು ಎಲ್ಲರೂ ಸಮಾಧಾನಪಟ್ಟರು. ಕಡಿಮೆಯಾದದ್ದು ನೋವಲ್ಲ, ನರ ಸತ್ತಿತ್ತು. ಮೂರನೆಯ ದಿನ ಬೆರಳು ಕಪ್ಪಿಟ್ಟಾಗ ಆಸ್ಪತ್ರೆಗೆ ಒಯ್ದರು. ಕೈ ಉಳಿಯಿತು, ಆದರೆ ಬೆರಳುಗಳು ಮುದುಡಿಕೊಂಡವು. ಈಗ ಅವನು ಅಂಗಡಿಯೊಂದರಲ್ಲಿ ಎಡಗೈಯಲ್ಲಿ ಬಿಲ್ಲು ಬರೆಯುತ್ತಾನೆ.

ಇದನ್ನು ನಾಟಿ ವೈದ್ಯರನ್ನು ಹಳಿಯಲು ಹೇಳುತ್ತಿಲ್ಲ. ಆಂಧ್ರದ ಪುತ್ತೂರಿನ ಬಳಿಯ ರಾಜು ಮನೆತನದ ಕಟ್ಟಿಗಾಗಿ ನಮ್ಮವರು ಬಸ್ಸು ಹತ್ತಿ ಹೋಗುವುದು ಹಳೆಯ ರೂಢಿ. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಚಿತ್ತೂರು ಕಡೆಯ ಆ ಪುತ್ತೂರಿನ ಹೆಸರಿನ ಬೋರ್ಡುಗಳು ಬೆಂಗಳೂರಿನ ಬೀದಿಗಳಲ್ಲೂ ಇವೆ. ಬಡವರು ಅಲ್ಲಿಗೆ ಹೋಗುವುದಕ್ಕೆ ದುಡ್ಡಿನ, ದೂರದ, ಆಪರೇಷನ್ ಭಯದ ಕಾರಣಗಳಿವೆ. ಥಾಮಸ್ ಕೂಡ ಅಂಥದೇ ಮನೆತನದಿಂದ ಬಂದವರು. ಇನ್ನು, ಆಸ್ಪತ್ರೆಯ ಬಿಳಿ ಪ್ಲಾಸ್ಟರಿನ ಕೆಳಗೂ ಇದೇ ಅನಾಹುತ ನಡೆಯುತ್ತದೆ. ತಪ್ಪು ಬಿದಿರಿನದೂ ಅಲ್ಲ, ಜಿಪ್ಸಮ್ಮಿನದೂ ಅಲ್ಲ. ಕಟ್ಟಿದ ಮೇಲೆ ಯಾರೂ ತಿರುಗಿ ನೋಡದಿರುವುದು, ನೋವು ಎಂದವನ ಮಾತನ್ನು ನಂಬದಿರುವುದು, ತಪ್ಪಿರುವುದು ಅಲ್ಲಿ. ರೋಗಿಯನ್ನೇ ಕೇಳು ಎಂಬ ಆ ಹಳೆಯ ಗ್ರೀಕ್ ಮಾತನ್ನು ಪಾಲಿಸಿದ್ದರೆ ಆ ಹುಡುಗನ ಬಲಗೈ ಇಂದು ಬರೆಯುತ್ತಿತ್ತು.

ಉಳಿದಿರುವ ಕೆಲಸ

1939ರಲ್ಲಿ ಜರ್ಮನಿಯ ಕ್ಯುಂಚರ್ ತೊಡೆಮೂಳೆಯ ಒಳಗೇ ಉದ್ದನೆಯ ಲೋಹದ ಮೊಳೆ ತೂರಿಸಿದ ಮೇಲೆ ಟ್ರ್ಯಾಕ್ಷನ್ನಿನ ಕಾಲ ನಿಧಾನವಾಗಿ ಹಿಂದೆ ಸರಿಯಿತು. ಯುದ್ಧ ಕೈದಿಗಳಾಗಿದ್ದ ಸೈನಿಕರು ತೊಡೆಯೊಳಗೆ ಮೊಳೆ ಹೊತ್ತು ಮನೆಗೆ ಮರಳಿದಾಗ ಉಳಿದ ದೇಶಗಳ ವೈದ್ಯರು ಬೆರಗಾದರು. ಇಂದು ಆಪರೇಷನ್ ಆದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಿಲ್ಲುತ್ತಾನೆ. ಪ್ಲಾಸ್ಟರಿನ ಜಾಗಕ್ಕೆ ಹಗುರವಾದ ಫೈಬರ್ ಗ್ಲಾಸ್ ಬಂದಿದೆ. ಆಪರೇಷನ್ನಿಗೆ ಕಾಯುವವರಿಗೆ, ಕೆಲವು ಮಕ್ಕಳಿಗೆ, ಆಪರೇಷನ್ ತಡೆಯಲಾರದ ವೃದ್ಧರಿಗೆ ಟ್ರ್ಯಾಕ್ಷನ್ ಇನ್ನೂ ಇದೆ.

ಆದರೆ ರೋಗಿ ಬೇಗ ಮನೆಗೆ ಬರುತ್ತಾನೆಂದರೆ, ಸಿಸ್ಟರ್ ಮಾಡುತ್ತಿದ್ದ ಕೆಲಸವೂ ಅವನ ಜೊತೆ ಮನೆಗೆ ಬರುತ್ತದೆ ಎಂದರ್ಥ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅತ್ತೆಯನ್ನು ಹೊರಳಿಸುವವಳು ಸೊಸೆ, ಕೂಲಿಗೆ ಹೋಗಿ ಬಂದು ಗಂಡನ ಬೆಡ್‌ಪ್ಯಾನ್ ತೊಳೆಯುವವಳು ಹೆಂಡತಿ. ಆಸ್ಪತ್ರೆ ಅವರ ಕೈಗೆ ಮಾತ್ರೆಯ ಚೀಟಿ ಕೊಡುತ್ತದೆ. ಯಾವಾಗ ಹೊರಳಿಸಬೇಕು, ಬೆರಳಿನ ಬಣ್ಣ ಹೇಗಿರಬೇಕು, ಎಂಥ ನೋವಿಗೆ ನಡುರಾತ್ರಿಯಲ್ಲೂ ಓಡಿ ಬರಬೇಕು ಎಂಬುದನ್ನು ಹತ್ತು ನಿಮಿಷ ಕೂರಿಸಿ ಹೇಳುವವರು ಕಡಿಮೆ. ಕೇಳುವುದು ನಮ್ಮ ಹಕ್ಕು ಎಂದು ತಿಳಿದವರೂ ಕಡಿಮೆ. ಮನೆಯಲ್ಲಿ ಆ ಹೊಣೆಯನ್ನು ಹೆಂಗಸರೊಬ್ಬರ ಹೆಗಲಿಗೆ ಹಾಕಿ ರೋಗಿಯನ್ನು ನೋಡಲು ಹಣ್ಣು ತಂದು ಕುಳಿತು ಹೋಗುವ ಗಂಡಸರಾದ ನಾವು, ಕಲಿಯಬೇಕಾದವರಲ್ಲಿ ಮೊದಲಿಗರು.

ಮಾಮು ಹನ್ನೆರಡನೆಯ ವಾರದ ಕೊನೆಗೆ ಎದ್ದು ನಿಂತರು. ಡಾಕ್ಟರ ಹೆಸರನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಸಿಸ್ಟರ್ ಹೆಸರು ಕೇಳಿದರೆ ನೆನಪಾಗುತ್ತಿರಲಿಲ್ಲ. ನಮಗೂ ಗೊತ್ತಿಲ್ಲ, ನಾವೂ ಕೇಳಿರಲಿಲ್ಲ.